ಹಳದಿ ಚೂರು

ಕಾರ್ಖಾನೆಯಲ್ಲಿ ಆಕೆಯನ್ನು ಎಲ್ಲರೂ ಹದ್ದಿನಕಣ್ಣಮ್ಮ ಎಂದೇ ಕರೆಯುತ್ತಿದ್ದರು. ಹೊಗಳಿ ಅಟ್ಟಕ್ಕೇರಿಸುವಾಗ ಜನರಿಗೇನು, ಇಳಿಯಬೇಕಾದವರ ಪಾಡು ಅವರಿಗೆ ಗೊತ್ತಿರುವುದಿಲ್ಲ.

ವಿಮಾನದ ಎಂಜಿನ್ನಿಗೆ ಬೇಕಾದ ಟೈಟೇನಿಯಂ ಇಷ್ಟು ವರ್ಷ ಹೊರದೇಶದಿಂದ ಬರುತ್ತಿತ್ತು. ಈಗ ಇಲ್ಲೇ ತಯಾರಿಸುವ ಹಟ. ಕುಲುಮೆಗೆ ಹೋಗುವ ಮೊದಲು ಅದು ಬೂದುಬಣ್ಣದ, ಮೈಯೆಲ್ಲ ತೂತಿನ ಚೂರುಗಳಾಗಿ ಬೆಲ್ಟಿನ ಮೇಲೆ ಸಾಗಿಬರುತ್ತದೆ. ಗಾಳಿ ತಗಲಿ ಸುಟ್ಟ ಚೂರು ತುಸು ಹಳದಿಗೆ ತಿರುಗಿರುತ್ತದೆ; ಅದನ್ನು ಹೆಕ್ಕಿ ತೆಗೆಯಬೇಕು. ಒಂದೇ ಒಂದು ಉಳಿದರೂ ಕರಗದೆ ಲೋಹದೊಳಗೆ ಕಲ್ಲಿನಂತೆ ಕೂತು, ಎಂದೋ ಒಂದು ದಿನ ಆಕಾಶದಲ್ಲಿ ಎಂಜಿನ್ನಿಗೆ ಬಿರುಕು ಬಿಡಿಸುತ್ತದೆ. ಹೆಕ್ಕಲು ಯಂತ್ರವನ್ನೂ ತಂದಿದ್ದರು. ಆ ಪುಣ್ಯಾತ್ಮ ಯಂತ್ರ ತನ್ನ ನೆರಳಿಗೇ ಹೌಹಾರಿ ಬೆಲ್ಟು ನಿಲ್ಲಿಸುತ್ತಿತ್ತು. ಕೊನೆಗೆ ಹದ್ದಿನಕಣ್ಣಮ್ಮನೇ ಗತಿಯಾದಳು.

ಭಾನುವಾರ ಸೊಸೆ ಒಂದು ದಿಂಬಿನ ಚೀಲ ಹಿಡಿದು ಬಂದಳು.

"ಅತ್ತೆ, ಇದನ್ನ ಬಿಳೀ ಬಟ್ಟೆ ಜೊತೆ ಮಡಚಿಟ್ಟಿದ್ದೀರಲ್ಲ."

"ಬಿಳೀದೇ ತಾನೆ?"

"ನಿಂಬೆಹಣ್ಣಿನ ಬಣ್ಣ ಅತ್ತೆ. ಆಚೆ ಬೀದಿಯವರಿಗೂ ಕಾಣುತ್ತೆ."

ಸೊಸೆ ನಕ್ಕಳು. ಅತ್ತೆ ಚೀಲವನ್ನು ಬಿಸಿಲಿಗೆ ಹಿಡಿದು ಮತ್ತೆ ಮತ್ತೆ ನೋಡಿದಳು.

ಮರುದಿನ ಬೆಳಗ್ಗೆಯೇ ಆಕೆ ಕಣ್ಣಿನ ಡಾಕ್ಟರ ಮುಂದೆ ಕೂತಿದ್ದಳು.

"ಪೊರೆ ಬಂದಿದೆ ಅಮ್ಮ. ಆಪರೇಷನ್ ಮಾಡಿದ್ರೆ ಸರಿಹೋಗುತ್ತೆ," ಎಂದರು ಅವರು. "ಪೊರೆಯೇ ಹಳದಿಯಾಗಿರುತ್ತೆ. ಅದರ ಮೂಲಕ ನೋಡಿದ್ರೆ ಹಳದಿ ಯಾವುದು, ಬಿಳಿ ಯಾವುದು ಗೊತ್ತಾಗಲ್ಲ. ಆಗಲೇ ತಿಂಗಳುಗಳಾಗಿರಬೇಕು."

ತಿಂಗಳುಗಳು. ಬಸ್ಸಿನಲ್ಲಿ ಆಕೆ ಬೆರಳು ಮಡಚಿ ವಾರಗಳನ್ನು ಎಣಿಸಿದಳು. ಕಾರ್ಖಾನೆಯ ಮೊದಲ ಲೋಹದ ಗಟ್ಟಿ ಎರಕವಾಗಿ ಮೂರೇ ವಾರವಾಗಿತ್ತು. ಅದೀಗ ಬಡಿದು ಎಂಜಿನ್ನಿನ ಚಕ್ರ ಮಾಡುವವರ ಕೈಯಲ್ಲಿತ್ತು. ಹೇಗೆ ಎಣಿಸಿದರೂ ಆ ಗಟ್ಟಿ ಲೆಕ್ಕದಿಂದ ಹೊರಗೆ ಉಳಿಯಲಿಲ್ಲ. ಒಂದು ನಿಲ್ದಾಣ ಮೊದಲೇ ಇಳಿದು ಕಾರ್ಖಾನೆಗೆ ನಡೆದಳು.

"ನಾನು ಆರಿಸಿಟ್ಟ ಚೂರಿನ ಡ್ರಮ್ಮುಗಳನ್ನ ಇವತ್ತು ಕುಲುಮೆಗೆ ಕಳಿಸಬೇಡಿ ಸಾರ್," ಎಂದಳು ಮೇಲ್ವಿಚಾರಕನಿಗೆ. "ನನ್ನ ಕಣ್ಣು ಹೋಗಿದೆ."

ಆತ ತಮಾಷೆ ಎಂದುಕೊಂಡ. ಆಮೇಲೆ ಆಕೆಯ ಮುಖ ನೋಡಿ, ಕಾಗದದ ಮೇಲೆ ಎರಡು ಚೂರು ಇಟ್ಟ. ಆಕೆ ಬಗ್ಗಿ ನೋಡಿದಳು, ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು, ಕೊನೆಗೆ ಹಳದಿ ಇದೇ ಎಂದು ಒಂದನ್ನು ಮುಟ್ಟಿ ತೋರಿಸಿದಳು. ಆತ ಇನ್ನೊಂದನ್ನು ಎತ್ತಿ ಕಸದ ಡಬ್ಬಿಗೆ ಹಾಕಿದ.

"ಯಾವಾಗಿಂದ ಅಮ್ಮ ಹೀಗೆ?"

ಆಕೆ ಕಾಗದದ ಮೇಲೆ ಉಳಿದ ಚೂರನ್ನು ಬೆರಳಿನಿಂದ ಸರಿಸಿದಳು.

"ಹೋದ ವಾರದಿಂದ ತಾನೆ?" ಆತನ ದನಿ ಬೇಡಿಕೊಳ್ಳುವಂತಿತ್ತು. ಆ ಮೊದಲ ಗಟ್ಟಿಗಾಗಿ ನಾಲ್ಕು ವರ್ಷ ಊಟ ನಿದ್ದೆ ಬಿಟ್ಟವನು; ಅದು ಸರಿಯಿಲ್ಲ ಎಂದರೆ ಮುಂದಿನ ಆರ್ಡರು ಮತ್ತೆ ಹೊರದೇಶದವರ ಪಾಲು. ಆಕೆ ಬರೀ ತಲೆ ಆಡಿಸಿದ್ದರೂ ಸಾಕಿತ್ತು. ಯಾರೂ ಎಂದಿಗೂ ಕೇಳುತ್ತಿರಲಿಲ್ಲ. ಆಕೆಗೆ ಆತನ ಬಗ್ಗೆ ಅಯ್ಯೋ ಅನ್ನಿಸಿತು, ತನ್ನ ಬಗ್ಗೆ ಅದಕ್ಕಿಂತ ಹೆಚ್ಚು.

"ಇಲ್ಲ ಸಾರ್. ಮೊದಲನೇ ಗಟ್ಟಿಗೂ ಮುಂಚಿಂದ."

ಆತ ಗೋಡೆಯ ಗಡಿಯಾರ ನೋಡಿದ.

"ಇವತ್ತು ಮಧ್ಯಾಹ್ನ ಅದನ್ನ ಕಾಯಿಸಿ ಬಡಿಯೋಕೆ ಶುರು ಮಾಡ್ತಾರೆ," ಎಂದ.

"ಹಾಗಾದ್ರೆ ಬೇಗ ಫೋನ್ ಮಾಡಿ," ಎಂದಳು ಆಕೆ.