ಅಜ್ಜಿ ಕಾಲು ನೋಡಿದ್ದು

ನರ್ಸ್ ಕೆಲಸದ ಆಕೆ ಮೊದಲ ಸಲ ಮಗಳನ್ನು ತನ್ನ ಅಮ್ಮನ ಬಳಿ ಬಿಟ್ಟು ಹೋಗಿದ್ದಳು. ಇಡೀ ದಿನ ವಾರ್ಡಿನಲ್ಲಿ ಜೀವ ಕೈಯಲ್ಲಿ ಹಿಡಿದುಕೊಂಡೇ ಓಡಾಡಿದಳು. ಚಿಕ್ಕಂದಿನಲ್ಲಿ ತನ್ನ ಕೈಯಿಂದ ಒಂದು ಲೋಟ ಬಿದ್ದರೂ ಅಮ್ಮ ಸೌಟಿನಲ್ಲಿ ಬಾರಿಸುತ್ತಿದ್ದಳು. ಏಟಿಗೆ ಹೆದರಿ ಇವಳು ಕಲಿತದ್ದು ಸುಳ್ಳು ಹೇಳುವುದನ್ನಷ್ಟೇ.

ಸಂಜೆ ಮನೆಗೆ ಬಂದರೆ ಅಮ್ಮನ ಕನ್ನಡಕ ಚೂರಾಗಿ ಮೇಜಿನ ಮೇಲಿತ್ತು. ಮಗಳ ಮೈಮೇಲೆ ಏಟಿನ ಗುರುತಿದೆಯೇ ಎಂದು ನೋಡಿದಳು.

"ನಾನೇ ತುಳಿದೆ," ಎಂದಳು ಮಗಳು, ಅಜ್ಜಿಯ ತೊಡೆ ಮೇಲೆ ಕೂತೇ. "ಓಡಿ ಬಂದು ಹೇಳಿದೆ. ಅಜ್ಜಿ ಬೈಲೇ ಇಲ್ಲ, ನನ್ನ ಕಾಲು ನೋಡಿದ್ಲು."

"ಗಾಜು ಚುಚ್ಚಿತೇನೋ ಅಂತ ಭಯ ಆಯ್ತು ಕಣೇ," ಎಂದಳು ಅಮ್ಮ ತಲೆ ತಗ್ಗಿಸಿ. "ನೀನು ಚಿಕ್ಕವಳಿದ್ದಾಗ ನಿನ್ನ ಕಾಲನ್ನ ಒಂದು ದಿನವೂ ನೋಡಲಿಲ್ಲ ನಾನು."

ಆಕೆ ಚಪ್ಪಲಿಯನ್ನೂ ಬಿಚ್ಚದೆ ಇಬ್ಬರ ಪಕ್ಕ ಕುಸಿದು ಕೂತಳು. ಬೆಳಗಿನಿಂದ ಬಿಗಿಹಿಡಿದಿದ್ದ ಉಸಿರು ಹಗುರಾಗಿ ಹೊರಬಿತ್ತು.

"ನಾಳೆಯೂ ಇವಳನ್ನ ನೋಡ್ಕೋತೀಯಾ, ಅಮ್ಮ?"