ಕಾಶವ್ವನ ಉಡಿ ಅಕ್ಕಿ

ನನಗೆ ಸಿಟ್ಟು ಬೇಗ ಬರುತ್ತದೆ. ಮದುವೆಯಾದ ಹೊಸತರಲ್ಲೇ ನಮ್ಮ ಯಜಮಾನರು ಇದನ್ನು ಕಂಡುಕೊಂಡು, ಅಂದಿನಿಂದ ಪೇಪರಿನ ಹಿಂದೆ ಮುಖ ಇಟ್ಟುಕೊಂಡೇ ಸಂಸಾರ ಮಾಡಿದ್ದಾರೆ. ಬಂದ ಸಿಟ್ಟು ಅಷ್ಟೇ ಬೇಗ ಇಳಿಯುತ್ತದೆ ಕೂಡ. ಎಂಬತ್ತಾರನೇ ಇಸವಿಯಲ್ಲಿ ಬಂದದ್ದೊಂದು ಮಾತ್ರ ಇಳಿಯಲಿಲ್ಲ. ಯಾರ ಮೇಲೆ ತೀರಿಸಿಕೊಳ್ಳಬೇಕೋ ಗೊತ್ತಾಗದೆ ಹಾಗೇ ಉಳಿದುಬಿಟ್ಟಿದೆ.

ಆಗ ನಾವು ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರ ಮೌಂಟನ್ ವ್ಯೂ ಎಂಬ ಊರಿನ ಒಂದು ಅಪಾರ್ಟ್‌ಮೆಂಟಿನಲ್ಲಿದ್ದೆವು. ನಾನು ಮನೆಯಲ್ಲೇ ಡೇಕೇರ್ ನಡೆಸುತ್ತಿದ್ದೆ. ಬೆಳಗಾದರೆ ಮೂಗು ಸೋರುವ ಮಕ್ಕಳ ದಂಡು. ಪಕ್ಕದ ಮನೆಯಲ್ಲಿ ಇಂದು ಎಂಬವಳಿದ್ದಳು. ಮೈಸೂರಿನವಳು, ಊರಿನಲ್ಲೇ ಸಮಾಜಕಾರ್ಯದಲ್ಲಿ ಎಂ.ಎ. ಮುಗಿಸಿ ಬಂದವಳು. ಸ್ಯಾನ್ ಹೋಸೆಯ ಒಂದು ಕೌನ್ಸೆಲಿಂಗ್ ಸೆಂಟರಿನಲ್ಲಿ, ದುಃಖ, ಜಗಳ, ಕಾಯಿಲೆ ಎಂದು ಬಂದವರ ಜೊತೆ ಕೂತು ಮಾತಾಡುವ ಕೆಲಸ.

“ಮಾತಾಡೋದಕ್ಕೂ ಸಂಬಳ ಕೊಡ್ತಾರೇನೇ?” ಎಂದು ನಾನು ರೇಗಿಸುತ್ತಿದ್ದೆ.

“ಮಾತಾಡೋಕಾದ್ರೆ ನಿಮ್ಮನ್ನೇ ಕರೀತಿದ್ರು ಸತ್ಯಕ್ಕ. ನನಗೆ ಕೊಡೋದು ಕೇಳಿಸಿಕೊಳ್ಳೋಕೆ,” ಎನ್ನುತ್ತಿದ್ದಳು.

ನಮ್ಮ ಕೆಳಗಿನ ಮನೆ ಗದಗದ ಕುಬೇರಪ್ಪನದು, ಕಂಪ್ಯೂಟರ್ ಚಿಪ್ ತಯಾರಿಸುವ ಕಂಪನಿಯಲ್ಲಿ ಇಂಜಿನಿಯರು. ಅವನ ಹೆಂಡತಿಗೆ ತಾಯಿ ಇರಲಿಲ್ಲ. ಹಾಗಾಗಿ ಬಾಣಂತನಕ್ಕೆ ಕುಬೇರಪ್ಪನ ತಾಯಿ ಕಾಶವ್ವನೇ ಬಂದರು. ತಂದೆ ಊರಿನಲ್ಲಿ ಕಾಳಿನ ಅಂಗಡಿ ನೋಡಿಕೊಂಡು ಉಳಿದರು. ಆ ಹೆಂಗಸಿನ ಕೈ ಎಂಥದ್ದು ಅಂತೀರಿ! ಮೊಮ್ಮಗಳನ್ನು ಕಾಲ ಮೇಲೆ ಮಲಗಿಸಿ ಎಣ್ಣೆ ತಿಕ್ಕುತ್ತಿದ್ದರೆ ಅದು ಅಳುವುದನ್ನು ಮರೆತು ಸೂರು ನೋಡುತ್ತಿತ್ತು. ನನ್ನ ಡೇಕೇರಿನ ಹಟಮಾರಿಗಳನ್ನೂ ಅವರ ತೊಡೆಗೆ ಹಾಕಿ ನಾನು ನೆಮ್ಮದಿಯಾಗಿ ಕಾಫಿ ಕುಡಿದದ್ದುಂಟು.

ಜನವರಿಯ ಒಂದು ಮಧ್ಯಾಹ್ನ ಮಗುವಿಗೆ ನೀರು ಹಾಕಿ, ಲೋಬಾನದ ಹೊಗೆ ಕೊಟ್ಟು, ತೊಟ್ಟಿಲಲ್ಲಿ ಮಲಗಿಸಿದರು. ಮಗು ಮತ್ತೆ ಏಳಲಿಲ್ಲ.

ಯಾರ ತಪ್ಪೂ ಅಲ್ಲ, ಕೆಲವು ಹಸುಗೂಸುಗಳು ನಿದ್ದೆಯಲ್ಲೇ ಹೀಗೆ ಹೋಗಿಬಿಡುತ್ತವೆ, ಯಾಕೆಂದು ನಮಗೂ ತಿಳಿಯದು ಎಂದರು ಡಾಕ್ಟರು. ಆದರೆ ಅದಕ್ಕೂ ಮೊದಲು ಪೊಲೀಸರು ಬಂದಿದ್ದರು; ಇಲ್ಲಿ ಅದು ಪದ್ಧತಿ. ಹೊಗೆ ಯಾಕೆ ಹಾಕಿದಿರಿ, ಯಾವ ಎಣ್ಣೆ, ಎಷ್ಟು ಒತ್ತಿ ತಿಕ್ಕಿದಿರಿ? ಅವರ ಪ್ರಶ್ನೆಗಳನ್ನೆಲ್ಲ ಕುಬೇರಪ್ಪನೇ ಅಳುತ್ತಾ ತಾಯಿಗೆ ಕನ್ನಡದಲ್ಲಿ ಕೇಳಬೇಕಾಯಿತು. ಮಗನ ಬಾಯಿಂದ ಬಂದ ಆ ಪ್ರಶ್ನೆಗಳು ಕಾಶವ್ವನ ಎದೆಯಲ್ಲಿ ಕೂತುಬಿಟ್ಟವು. ಡಾಕ್ಟರ ಮಾತು ಕೂರಲಿಲ್ಲ.

ಆಮೇಲೆ ಅವರು ಒಲೆ ಮುಟ್ಟಲಿಲ್ಲ, ಹಿಟ್ಟು ಮುಟ್ಟಲಿಲ್ಲ. ದೇವರ ಮುಂದೆ ದೀಪ ಹಚ್ಚು ಎಂದರೂ ಹಚ್ಚಲಿಲ್ಲ. ಎರಡೂ ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡು ಗೋಡೆಗೆ ಒರಗಿ ಕೂತಿರುತ್ತಿದ್ದರು. ಕೇಳಿದರೆ ಒಂದೇ ಮಾತು, “ನನ್ ಕೈ ಚಲೋ ಇಲ್ಲವ್ವಾ.” ಸೊಸೆ ಕೆಟ್ಟ ಮಾತು ಆಡಿದವಳಲ್ಲ. ಆದರೆ ಅತ್ತೆ ಹತ್ತಿರ ಬಂದರೆ ಅವಳಿಗೇ ಅರಿವಿಲ್ಲದಂತೆ ಮೈ ಹಿಂದೆ ಸರಿಯುತ್ತಿತ್ತು. ಅವಳನ್ನಾದರೂ ಏನೆಂದು ಬೈಯಲಿ? ಹೆತ್ತ ಹೊಟ್ಟೆ.

ಇಂದುಗೆ ವಿಷಯ ಮುಟ್ಟಿಸಿದ್ದೇ ನಾನು. ಸೆಂಟರಿನಲ್ಲಿ ಕನ್ನಡ ಬಲ್ಲವಳು ಅವಳೊಬ್ಬಳೇ. ಅಲ್ಲಿನ ಹಿರಿಯರನ್ನು ಒಪ್ಪಿಸಿ ಈ ಕೇಸನ್ನು ತಾನೇ ತೆಗೆದುಕೊಂಡಳು. ಕಾಶವ್ವ ಮನೆ ಬಿಟ್ಟು ಹೊರಡುವ ಸ್ಥಿತಿಯಲ್ಲಿರಲಿಲ್ಲ, ಆದ್ದರಿಂದ ಪ್ರತಿ ಗುರುವಾರ ಇವಳೇ ಹೋಗಿ ಅಡುಗೆಮನೆಯ ನೆಲದ ಮೇಲೆ ಅವರ ಪಕ್ಕ ಕೂರುತ್ತಿದ್ದಳು. ಮೊದಮೊದಲು ಮಾತೇ ಇಲ್ಲವಂತೆ. ಆಮೇಲೆ ಅಂಗಡಿಯ ಮಾತು, ಜೋಳದ ಮಾತು, ತಾವು ಎತ್ತಿ ಆಡಿಸಿದ ಓಣಿಯ ಕೂಸುಗಳ ಮಾತು. ಕೊನೆಗೆ ಈ ಕೂಸಿನ ಮಾತೂ ಬಂತು. ಅವತ್ತು ಇಂದು ನಮ್ಮ ಮನೆಗೆ ಬಂದು, ನೀರು ಕೇಳಿ, ಕುಡಿಯದೆ ಅತ್ತಳು.

ಅಷ್ಟರಲ್ಲಿ ಲೈಸೆನ್ಸಿನ ಗಲಾಟೆ ಶುರುವಾಯಿತು. ಅದುವರೆಗೆ ಇಂದುವಿನಂಥವರು ಸೆಂಟರಿನ ಹಿರಿಯರ ಕೈಕೆಳಗೆ ಇಂಥ ಕೆಲಸ ಮಾಡಿಕೊಂಡಿರಬಹುದಿತ್ತು. ಈಗ ರಾಜ್ಯ ಸರ್ಕಾರದವರು ನಿಯಮ ಬಿಗಿ ಮಾಡಿದರು. ಹೊಸ ಕೋರ್ಸುಗಳನ್ನು ಓದಬೇಕು, ಲೈಸೆನ್ಸು ಇರುವವರ ಕೈಕೆಳಗೆ ಮಾಡಿದ ಕೆಲಸ ಮಾತ್ರ ಲೆಕ್ಕಕ್ಕೆ ಬರುತ್ತದೆ, ಒಂದು ಲಿಖಿತ ಪರೀಕ್ಷೆ, ಅದಾದ ಮೇಲೆ ಒಂದು ಮೌಖಿಕ ಪರೀಕ್ಷೆ. ಜೂನ್ ಮುಗಿಯುವುದರೊಳಗೆ ಪಾಸಾಗದವರನ್ನು ಜನರ ಮುಂದೆ ಕೂರಿಸುವುದಿಲ್ಲ ಎಂದು ಸೆಂಟರಿನವರು ಹೇಳಿಬಿಟ್ಟರು.

“ನೋವಿಗೂ ಲೈಸೆನ್ಸು ಕೇಳ್ತಾರಾ ಇವರು? ಥೂ!” ಎಂದೆ ನಾನು.

ಇಂದು ಹಾಗೆ ಬೈಯುವವಳಲ್ಲ. “ಸುಮ್ನೆ ಮಾಡಿಲ್ಲ ಸತ್ಯಕ್ಕ. ಕೌನ್ಸೆಲಿಂಗ್ ಅಂತ ಬೋರ್ಡು ಹಾಕ್ಕೊಂಡು, ಮನಸ್ಸು ಕೆಟ್ಟವರ ಮನೆ ಮಠ ನುಂಗಿದವರು ಇದ್ದಾರೆ. ರೂಲ್ಸು ಬೇಕು,” ಎಂದಳು.

ಹಗಲು ಕೆಲಸ, ಸಂಜೆ ಕೋರ್ಸು. ಲಿಖಿತ ಪರೀಕ್ಷೆ ಪಾಸಾದಳು. ಉಳಿದದ್ದು ಮೌಖಿಕ. ಅದಕ್ಕೆ ಅವಳನ್ನು ತಯಾರು ಮಾಡಿದ್ದು ಯಾರು? ಈ ಸತ್ಯವತಿ. ಭಾನುವಾರಗಳಂದು ಯಜಮಾನರ ಕೋಟು ಹಾಕಿಕೊಂಡು ಸೋಫಾದ ಮೇಲೆ ಕಾಲ ಮೇಲೆ ಕಾಲು ಹಾಕಿ ಕೂತು ಪ್ರಶ್ನೆ ಕೇಳುತ್ತಿದ್ದೆ.

“ನಿಮ್ಮ ಹತ್ರ ಬರೋರು ಏನಾದ್ರೂ ಗಿಫ್ಟು ಕೊಟ್ರೆ ಏನ್ ಮಾಡ್ತೀರಿ, ಮಿಸೆಸ್ ಇಂದು?”

“ವಿನಯವಾಗಿ ಬೇಡ ಅಂತೀನಿ. ಯಾಕೆ ಕೊಡಬೇಕು ಅನ್ನಿಸ್ತು ಅಂತ ಅವರ ಜೊತೆ ಮಾತಾಡ್ತೀನಿ.”

“ಭೇಷ್!” ಎಂದು ನಾನು ಬಾಯಿಗೊಂದು ಚಕ್ಕುಲಿ ಕೊಡುತ್ತಿದ್ದೆ. ಈ ಪ್ರಶ್ನೆಗೆ ಅವಳು ಒಮ್ಮೆಯೂ ತಪ್ಪು ಉತ್ತರ ಕೊಟ್ಟದ್ದಿಲ್ಲ.

ಮೇ ತಿಂಗಳ ಒಂದು ಗುರುವಾರ ಇಂದು ಮೆಟ್ಟಿಲು ಹತ್ತಿ ಓಡಿಬಂದಳು. ಸೆರಗನ್ನು ಎರಡೂ ಕೈಯಲ್ಲಿ ಮಗುವಿನಂತೆ ಹಿಡಿದುಕೊಂಡಿದ್ದಳು. ಒಳಗೆ ಅಕ್ಕಿ, ಒಂದು ಕೊಬ್ಬರಿ ಬಟ್ಟಲು, ಅರಿಶಿನದ ಕೊಂಬು, ಒಂದು ಇಳಕಲ್ ಕಣ, ಅಂದರೆ ಕುಪ್ಪಸದ ಬಟ್ಟೆ. ನಮ್ಮ ಕಡೆ ಮಡಿಲಕ್ಕಿ ಎನ್ನುತ್ತೇವೆ, ಅವರ ಕಡೆ ಉಡಿ ತುಂಬುವುದು. ಮನೆಗೆ ಬಂದ ಹೆಣ್ಣುಮಗಳನ್ನು ಬರಿ ಸೆರಗಿನಲ್ಲಿ ಕಳಿಸಬಾರದೆಂಬುದು ಅವರಲ್ಲಿ ಗಟ್ಟಿ ಪದ್ಧತಿ.

“ಹೊರಡ್ತೀನಿ ಅಂದೆ ಸತ್ಯಕ್ಕ. ‘ತಡೀ ತಂಗಿ’ ಅಂದ್ರು. ತಾವೇ ಎದ್ರು. ಕೈ ತೊಳೆದ್ರು. ಡಬ್ಬಿ ತೆಗೆದು ಅಕ್ಕಿ ತಗೊಂಡ್ರು. ಎರಡೂ ಕೈಲಿ ಬೊಗಸೆ ತುಂಬಾ, ಆ ಕೈಯಲ್ಲೇ!” ಎಂದಳು. ಅವಳ ಮುಖದಲ್ಲಿ ಅಂಥ ಸಂತೋಷ ನಾನು ಮತ್ತೆ ಕಂಡಿಲ್ಲ. ಇಬ್ಬರೂ ಅತ್ತೆವು, ನಕ್ಕೆವು. ಮರುವಾರ ಕಾಶವ್ವ ರೊಟ್ಟಿ ಬಡಿದರು. ಕೆಳಗಿನ ಮನೆಯಿಂದ ಆ ಸದ್ದು ಕೇಳಿದಾಗ ನಾನು ಡೇಕೇರಿನ ಮಕ್ಕಳಿಗೆ “ಸುಮ್ನಿರ್ರೋ!” ಎಂದು ಗದರಿ, ಕಿವಿಗೊಟ್ಟು ನಿಂತೆ.

ಜೂನಿನಲ್ಲಿ ಮೌಖಿಕ ಪರೀಕ್ಷೆ, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ. ಫ್ರೀವೇ ಮೇಲೆ ಕಾರು ಓಡಿಸಿದ್ದು ನಾನೇ. ಹೊರಗೆ ಬಂದಾಗ ಅವಳ ಮುಖ ನೋಡಿಯೇ ತಿಳಿಯಿತು. ಕಾರಿನಲ್ಲಿ ಕೂತು ಬೆಲ್ಟು ಹಾಕಿಕೊಳ್ಳುವುದನ್ನೂ ಮರೆತಳು.

ಗಿಫ್ಟಿನ ಪ್ರಶ್ನೆ ಕೇಳಿದ್ದರಂತೆ. ಸರಿಯಾಗಿಯೇ ಹೇಳಿದಳಂತೆ. ಆಮೇಲೆ, ನೀವು ನೋಡಿದ ಒಂದು ಕೇಸು ಹೇಳಿ, ಬಂದವರು ಚೇತರಿಸಿಕೊಳ್ಳುತ್ತಿದ್ದಾರೆಂದು ನಿಮಗೆ ಹೇಗೆ ಗೊತ್ತಾಯಿತು ಎಂದರಂತೆ. ಹೆಸರು ಹೇಳದೆ ಕಾಶವ್ವನ ಕಥೆ ಹೇಳಿದಳಂತೆ. ಸೆರಗೊಡ್ಡಿ ನಿಂತದ್ದು, ಅವರು ತುಂಬಿದ್ದು, ತಾನು ಬಗ್ಗಿ ಕಾಲಿಗೆ ನಮಸ್ಕಾರ ಮಾಡಿದ್ದು, ಎಲ್ಲವನ್ನೂ ಹೆಮ್ಮೆಯಿಂದ.

“ಅಯ್ಯೋ ಮಂಕೇ! ಅದನ್ಯಾಕೆ ಹೇಳಿದೆ?” ಎಂದು ಕೂಗಿಬಿಟ್ಟೆ.

“ಅದು ಗಿಫ್ಟು ಅಂತ ನನಗೆ ಹೊಳೀಲೇ ಇಲ್ಲ ಸತ್ಯಕ್ಕ. ಉಡಿ ಅಲ್ವಾ ಅದು?” ಎಂದಳು.

ನನಗೂ ಹೊಳೆದಿರಲಿಲ್ಲ. ಅಷ್ಟು ಭಾನುವಾರ ಕೋಟು ಹಾಕಿಕೊಂಡು ಕೂತಿದ್ದೆನಲ್ಲ, ಆ ಅಕ್ಕಿಯನ್ನು ಕಣ್ಣಾರೆ ಕಂಡಿದ್ದೆನಲ್ಲ, ನನಗೂ ಹೊಳೆಯಲಿಲ್ಲ. ಪರೀಕ್ಷೆ ಮಾಡಿದವರು ಒರಟರೇನಲ್ಲವಂತೆ, ನೀರು ಕೊಟ್ಟರಂತೆ. ನೀವು ಅವರ ವಸ್ತು ಪಡೆದಿರಿ, ಕಾಲು ಮುಟ್ಟಿದಿರಿ, ಅದು ತಪ್ಪೆಂದು ಈಗಲೂ ಅನ್ನಿಸುತ್ತಿಲ್ಲವೇ ಎಂದು ಮೆಲ್ಲಗೆ ಕೇಳಿದರಂತೆ. “ಇಲ್ಲ,” ಎಂದಳಂತೆ ನಮ್ಮ ಇಂದು. ಫೇಲು.

ಜುಲೈಯಿಂದ ಅವಳನ್ನು ಮುಂಬಾಗಿಲ ಮೇಜಿಗೆ ಕೂರಿಸಿದರು, ಬಂದವರ ಹೆಸರು ಬರೆದುಕೊಳ್ಳುವುದಕ್ಕೆ. ಕಾಶವ್ವನ ಕೇಸು ಲೈಸೆನ್ಸು ಇದ್ದ ಪೀಟರ್ ಎಂಬವರಿಗೆ ಹೋಯಿತು. ಕನ್ನಡದಿಂದ ಇಂಗ್ಲಿಷಿಗೆ ಹೇಳುವವರು ಬೇಕಲ್ಲ? ಇಂದುವನ್ನು ಕರೆಯಕೂಡದು, ಅವಳು ಕಾಶವ್ವನ ಜೊತೆ ಮಾತೇ ಆಡಕೂಡದು ಎಂದರು. ನನ್ನನ್ನು ಕರೆದರು. ಅವರು ಹೇಳಿದ್ದನ್ನು ಹೇಳಬೇಕು, ನಿಮ್ಮದೊಂದು ಮಾತೂ ಸೇರಿಸಬಾರದು ಎಂದು ಮೊದಲೇ ಹೇಳಿಕೊಟ್ಟರು. ನನಗೆ!

ಕುಬೇರಪ್ಪ ತಾಯಿಯನ್ನು ಸೆಂಟರಿಗೆ ಕರೆತಂದ. ಕಾಶವ್ವ ಕುರ್ಚಿಯ ತುದಿಯಲ್ಲಿ ಕೂತರು. ಕೈ ಎರಡೂ ಮತ್ತೆ ಸೆರಗಿನೊಳಗೆ ಹೋಗಿದ್ದವು.

ಪೀಟರ್ ಒಳ್ಳೆಯ ಮನುಷ್ಯ, ಮೆತ್ತಗಿನ ದನಿ. ಹೇಗಿದ್ದೀರಿ ಎಂದು ಕೇಳಿದರು. ನಾನು ಕನ್ನಡದಲ್ಲಿ ಕೇಳಿದೆ.

ಕಾಶವ್ವ ಅವರ ಕಡೆ ನೋಡಲೇ ಇಲ್ಲ. ನನ್ನನ್ನೇ ಕೇಳಿದರು, “ಆಕಿ ಯಾಕ ಬರವಲ್ಲಳು? ನಾ ಉಡಿ ತುಂಬಿದ್ದಕ್ಕ ಆಕಿ ಕೆಲಸಕ್ಕ ಕುತ್ತು ಬಂತಂತ, ಖರೇನ?”

ನಾನು ಕುಬೇರಪ್ಪನ ಕಡೆ ತಿರುಗಿದೆ. ಅವನು ತಲೆ ತಗ್ಗಿಸಿದ. ಇನ್ನು ಮುಂದೆ ಇಲ್ಲಿ ಯಾರಿಗೂ ಏನೂ ಕೊಡಬೇಡ ಎಂದು ತಾಯಿಗೆ ಹೇಳುವ ಭರದಲ್ಲಿ ಕಾರಣವನ್ನೂ ಹೇಳಿಬಿಟ್ಟಿದ್ದ. ಪಾಪ, ಒಳ್ಳೆಯದಕ್ಕೇ ಹೇಳಿದ್ದ.

ಪ್ರಶ್ನೆಯನ್ನು ಇಂಗ್ಲಿಷಿನಲ್ಲಿ ಹೇಳಿದೆ. ಪೀಟರ್ ಯೋಚಿಸಿ, ಇಂದುವಿನ ಕೆಲಸದ ವಿಷಯ ನಾನು ಮಾತಾಡುವಂತಿಲ್ಲ, ಆದರೆ ಈ ಪ್ರಶ್ನೆ ನಿಮ್ಮನ್ನು ಬಹಳ ಕಾಡುತ್ತಿರುವಂತಿದೆ ಎಂದರು. ಈ ಉತ್ತರ ತೆಗೆದುಕೊಂಡು ಆ ಹೆಂಗಸು ಏನು ಮಾಡಬೇಕು? ನಾನು ಅದನ್ನು ಹೇಳಲಿಲ್ಲ. ನನ್ನದನ್ನೇ ಹೇಳಿದೆ.

“ಸುಳ್ಳು ಕಾಶವ್ವ! ಇಂದು ಚೆನ್ನಾಗಿದ್ದಾಳೆ. ನಿಮ್ಮ ಉಡಿಯಿಂದ ಏನೂ ಆಗಿಲ್ಲ.”

ಅವರು ನನ್ನ ಮುಖ ನೋಡಿದರು. “ನೀ ಭಾಳ ಒಳ್ಳೇಕಿ ಅದೀ ಸತ್ಯವ್ವಾ,” ಎಂದರು. ನಂಬಲಿಲ್ಲ. ನಂಬಲಾದರೂ ಹೇಗೆ? ನಾನು ಹೇಳಿದ್ದು ಸುಳ್ಳು. ಆ ಉಡಿಯಿಂದಲೇ ಆದದ್ದು, ಬೇರೆ ಯಾವುದರಿಂದಲೂ ಅಲ್ಲ. ಅವರ ಕೈ ಯಾರಿಗೂ ಕೇಡು ಮಾಡುವ ಕೈ ಅಲ್ಲ ಎಂದು ಇಂದು ಗುರುವಾರ ಗುರುವಾರ ಕೂತು ಬಿಡಿಸಿದ್ದ ಗಂಟನ್ನು, ಅವಳು ಫೇಲಾದದ್ದೇ ಮತ್ತೆ ಬಿಗಿದುಹಾಕಿತ್ತು. ಆಮೇಲೆ ಕಾಶವ್ವ ಸೆಂಟರಿಗೆ ಬರಲಿಲ್ಲ, ರೊಟ್ಟಿ ಬಡಿಯುವ ಸದ್ದೂ ನಿಂತುಹೋಯಿತು. ಕುಬೇರಪ್ಪ ಊರಿಗೆ ಟಿಕೆಟ್ಟು ತೆಗೆಸಿದ.

ವಿಷಯ ಕೇಳಿದ ಇಂದು ಮಾರನೆಯ ದಿನವೇ ಕೆಲಸಕ್ಕೆ ರಾಜೀನಾಮೆ ಕೊಟ್ಟು ಬಂದಳು. “ಈಗ ನಾನು ಅವರಿಗೆ ಯಾರೂ ಅಲ್ಲ ಸತ್ಯಕ್ಕ. ಪಕ್ಕದ ಮನೆಯವಳು, ಅಷ್ಟೇ. ಯಾವ ರೂಲ್ಸೂ ಇಲ್ಲ,” ಎಂದಳು. ಕೆಳಗಿನ ಮನೆಗೆ ಹೋದಳು. ಕಾಶವ್ವ ಒಳಕೋಣೆಯಿಂದ ಹೊರಗೆ ಬರಲಿಲ್ಲ. ಮತ್ತೆ ಹೋದಳು, ಆಗಲೂ ಬರಲಿಲ್ಲ. ತಮ್ಮನ್ನು ನೋಡಿದರೆ ಇಂದುಗೆ ಒಳ್ಳೆಯದಾಗುವುದಿಲ್ಲ ಎಂದು ಸೊಸೆಯ ಹತ್ತಿರ ಹೇಳಿಕಳಿಸಿದರಂತೆ.

ಕೊನೆಗೆ ವಿಮಾನ ನಿಲ್ದಾಣಕ್ಕೇ ಹೋದೆವು. ಇಂದು ಉಡಿಯಲ್ಲಿ ಬಂದ ಇಳಕಲ್ ಕಣದ್ದೇ ಕುಪ್ಪಸ ಹೊಲಿಸಿಕೊಂಡು ತೊಟ್ಟಿದ್ದಳು. ಒಂದು ಚೀಲದಲ್ಲಿ ಅಕ್ಕಿ, ಕೊಬ್ಬರಿ, ಅರಿಶಿನ. ಗೇಟಿನ ಹತ್ತಿರ ಕುಬೇರಪ್ಪ, ಅವನ ಹೆಂಡತಿ. ನಡುವೆ ಕಾಶವ್ವ, ಬೂದು ಸ್ವೆಟರಿನ ಮೇಲೆ ಸೆರಗು ಹೊದ್ದು. ಇಂದುವನ್ನು ಕಂಡು ಎದ್ದು ನಿಂತರು. ಕಣ್ಣು ತುಂಬಿಕೊಂಡು ಅವಳ ಕುಪ್ಪಸವನ್ನೇ ನೋಡಿದರು.

“ಅವ್ವಾ, ನಂಗೇನೂ ಆಗಿಲ್ಲ. ನೋಡಿ, ಚೆನ್ನಾಗಿದ್ದೀನಿ. ಈಗ ಆ ಕೆಲಸಾನೇ ಇಲ್ಲ, ಯಾರ ಹೆದರಿಕೆನೂ ಇಲ್ಲ. ಉಡಿ ತುಂಬಿ ಹೋಗಿ,” ಎಂದು ಇಂದು ಚೀಲವನ್ನು ಅವರ ಮುಂದೆ ಬಿಚ್ಚಿಟ್ಟು, ಅಷ್ಟು ಜನರ ನಡುವೆ ಸೆರಗೊಡ್ಡಿ ನಿಂತಳು.

ಕೆಲಸವೇ ಇಲ್ಲ ಎಂಬ ಮಾತು ಬಿದ್ದಾಗ ಕಾಶವ್ವನ ಮುಖ ಹೇಗಾಯಿತೆಂದು ನಾನು ನೋಡಿದೆ. ಇಂದು ನೋಡಲಿಲ್ಲ, ಅವಳು ಅವರ ಕೈಗಾಗಿ ಕಾಯುತ್ತಿದ್ದಳು.

ಸೆರಗಿನೊಳಗೆ ಕೈ ಅಲ್ಲಾಡಿದವು. ಒಂದು ಕ್ಷಣ ಹೊರಗೆ ಬಂದೇಬಿಡುತ್ತವೆ ಅನ್ನಿಸಿತು. ಆಮೇಲೆ ಕಾಶವ್ವ ಸೆರಗನ್ನು ಇನ್ನೊಂದು ಸುತ್ತು ಬಿಗಿಯಾಗಿ ಸುತ್ತಿಕೊಂಡು ಹಿಂದೆ ಸರಿದರು.

“ಬ್ಯಾಡ ನನ್ನವ್ವಾ. ನೀ ಇನ್ನೂ ಬಾಳಿ ಬದುಕಬೇಕಾದಾಕಿ,” ಎಂದರು. “ದೂರದಿಂದನ ಹರಸ್ತೀನಿ.”

ಆಗ ಸೊಸೆ ಅತ್ತೆಯ ಹತ್ತಿರ ಬಂದು, ಮಗು ಹೋದ ದಿನದ ನಂತರ ಮೊದಲ ಸಲ, ಸೆರಗಿನ ಮೇಲಿಂದಲೇ ಅವರ ಕೈ ಹಿಡಿದುಕೊಂಡು ಜೋರಾಗಿ ಅತ್ತಳು. ಕಾಶವ್ವ ಅವಳ ಕೈಯನ್ನೂ ಮೆಲ್ಲಗೆ ಬಿಡಿಸಿದರು.

ವಿಮಾನಕ್ಕೆ ಕರೆದರು. ಅವರು ಬಾಗಿಲು ದಾಟಿ ಹೋದ ಮೇಲೂ ಇಂದು ಸೆರಗು ಮಡಚಲಿಲ್ಲ. ಜನ ನೋಡುತ್ತಿದ್ದರು. ನೋಡಲಿ ಎಂದುಕೊಂಡೆ. ನೆಲದ ಮೇಲಿದ್ದ ಅಕ್ಕಿಯ ಚೀಲದ ಬಾಯಿ ಕಟ್ಟಿ, ಅವಳ ಭುಜ ಹಿಡಿದು, ಕಾರಿಗೆ ಕರೆದುಕೊಂಡು ಹೋದೆ.