ನಲವತ್ತು ಸೆಂಟಿಮೀಟರ್ ಹಿಮ ಮತ್ತು ದಾಲ್ಸು ಅಜ್ಜನ ದೋಣಿ

ಥೆಇಲ್‌ನನ್ನು ಮಣ್ಣು ಮಾಡಿ ಬಂದ ಮಾರನೆಯ ಬೆಳಿಗ್ಗೆ ಏಳೂವರೆಗೆ ಫೋನು ಸದ್ದು ಮಾಡಿತು. ನನ್ನದಲ್ಲ, ಅವನದು. ಚಾರ್ಜಿಗೆ ಹಾಕಿದ್ದು ಹಾಗೆಯೇ ಇತ್ತು.

"ಗಲ್ಮೆಪೊ ಕರಾವಳಿ: ನಾಳೆ ಬೆಳಗಿನಿಂದ ನಾಡಿದ್ದು ಬೆಳಗಿನವರೆಗೆ ಭಾರಿ ಹಿಮ. ಸುಮಾರು ನಲವತ್ತು ಸೆಂಟಿಮೀಟರ್. ಒದ್ದೆ ಹಿಮ, ತೂಕ ಹೆಚ್ಚು. ಸಣ್ಣ ದೋಣಿಯವರು ಎಚ್ಚರವಾಗಿರಿ."

ನನ್ನ ಗಂಡ ಥೆಇಲ್ ಹನ್ನೊಂದು ವರ್ಷ ಹವಾಮಾನ ಕಚೇರಿಯಲ್ಲಿ ಕೂತು ಇಂಥ ಸಾಲುಗಳನ್ನು ಬರೆಯುತ್ತಿದ್ದ; ನಾನು ಯೂನಿವರ್ಸಿಟಿಯಲ್ಲಿ ಅದೇ ಹವಾಮಾನ ಕಲಿಸುತ್ತೇನೆ. ಅದೇ ಕಚೇರಿಯ ಮೆಟ್ಟಿಲಿನ ಮೇಲೆ ಎದೆ ಹಿಡಿದುಕೊಂಡು ಕೂತವನು ಏಳಲಿಲ್ಲ. ಮೂವತ್ತೆಂಟು ವಯಸ್ಸು. ಈ ಸಾಲುಗಳನ್ನು ಅವನ ಕುರ್ಚಿಯಲ್ಲಿ ಈಗ ಕೂತಿರುವವರು ಬರೆದಿದ್ದರು.

ಬಂದವರಿಗೆ ಬಡಿಸಿದ ಖಾರದ ಸಾರು ಉಳಿದಿತ್ತು. ಬಿಸಿ ಮಾಡಿ ಅನ್ನ ಹಾಕಿಕೊಂಡು ತಿಂದೆ. ಪಾತ್ರೆ ತೊಳೆದೆ. ಆಮೇಲೆ ಏನು ಮಾಡಬೇಕೆಂದು ತೋಚಲಿಲ್ಲ. ಬಾಗಿಲ ಪಕ್ಕದಲ್ಲಿ ಹಿಮ ತಳ್ಳುವ ಹಲಗೆ ಒರಗಿಕೊಂಡಿತ್ತು. ಅಗಲವಾದ ಪೈನ್ ಮರದ ಹಲಗೆ, ಆಳೆತ್ತರದ ಹಿಡಿ. ಅದು ನಮ್ಮದಲ್ಲ. ಬಂದರಿನ ಮೀನುಗಾರ ದಾಲ್ಸು ಅಜ್ಜನಿಂದ ಥೆಇಲ್ ತಂದದ್ದು.

ಕಳೆದ ಫೆಬ್ರುವರಿಯ ಮಾತು. ಆಗಲೂ ನಲವತ್ತು ಸೆಂಟಿಮೀಟರ್ ಎಂದು ಥೆಇಲ್ ಬರೆದಿದ್ದ. ಊರವರು ದೋಣಿಗಳನ್ನೆಲ್ಲ ದಡಕ್ಕೆ ಎತ್ತಿಸಿದರು. ಎರಡು ದಿನ ಯಾರೂ ಬಲೆ ಹಾಕಲಿಲ್ಲ. ಒಂದು ಚೂರು ಹಿಮ ಬೀಳಲಿಲ್ಲ. ಮೂರನೆಯ ದಿನ ಥೆಇಲ್ ತಾನೇ ಬಂದರಿಗೆ ಹೋಗಿ ಎಲ್ಲರೆದುರು ತಲೆ ಬಾಗಿಸಿ ನಿಂತ.

"ಎಲ್ಲಪ್ಪಾ ನಿನ್ನ ನಲವತ್ತು ಸೆಂಟಿಮೀಟರು?" ಎಂದು ದಾಲ್ಸು ಅಜ್ಜ ಕೇಳಿದರು. "ಜೇಬಲ್ಲಿ ಇಟ್ಕೊಂಡಿದೀಯಾ?"

"ಬಿತ್ತು ಅಜ್ಜ. ಗಾಳಿ ಸ್ವಲ್ಪ ವಾಲ್ತು, ಮೋಡ ದಡಕ್ಕೆ ಬರಲಿಲ್ಲ. ಅಷ್ಟೂ ಸಮುದ್ರಕ್ಕೇ ಬಿತ್ತು. ಬೇಕಾದ್ರೆ ಮೀನನ್ನ ಕೇಳಿ."

ಜನ ನಕ್ಕರು. ಅಜ್ಜ ನಗಲಿಲ್ಲ. ಕೈಯಲ್ಲಿದ್ದ ಹಲಗೆಯನ್ನು ಅವನ ಮುಂದೆ ಹಿಡಿದರು. "ತಗೋ, ಸಮುದ್ರದ ಹಿಮ ನೀನೇ ತಳ್ಳು."

"ಕೊಡಿ. ನಾವು ಹೇಳಿದಷ್ಟು ಹಿಮ ದಡದಲ್ಲಿ ಬಿದ್ದ ದಿನ ತಂದು ಕೊಡ್ತೀನಿ" ಎಂದು ಥೆಇಲ್ ಅದನ್ನು ಹೆಗಲ ಮೇಲೆ ಹೊತ್ತು ಮನೆಗೆ ಬಂದಿದ್ದ.

ನಾನು ಕೋಟು ಹಾಕಿಕೊಂಡು, ಅವನ ಮೇಜಿನ ಮೇಲಿದ್ದ ನೀಲಿ ಪುಸ್ತಕವನ್ನು ಕೈಗೆ ತೆಗೆದುಕೊಂಡು ಬಂದರಿಗೆ ಹೋದೆ.

ದಾಲ್ಸು ಅಜ್ಜ ತಮ್ಮ ದೋಣಿಯನ್ನು ಪಕ್ಕದ ದೊಡ್ಡ ದೋಣಿಗೆ ಬಿಗಿಯಾಗಿ ಕಟ್ಟುತ್ತಿದ್ದರು. ಎರಡು ಟನ್ನಿನ ದೋಣಿ. ಮೂತಿಯ ಮೇಲೆ ಹೆಂಡತಿಯ ಹೆಸರು: ಒಕ್‌ಬುನ್. ಅಜ್ಜನಿಗೆ ಎಪ್ಪತ್ತೊಂದು. ಈ ದೋಣಿ ಹೋದರೆ ಈ ವಯಸ್ಸಿನಲ್ಲಿ ಇನ್ನೊಂದು ಆಗುವುದಿಲ್ಲ ಎಂಬುದು ಊರಿಗೆಲ್ಲ ಗೊತ್ತು. ಒಕ್‌ಬುನ್ ಅಜ್ಜಿ ಕಟ್ಟೆಯ ಮೇಲೆ ಕೂತು ಬಲೆ ಬಿಡಿಸುತ್ತಿದ್ದರು.

ನನ್ನ ಕೂದಲಿನಲ್ಲಿದ್ದ ಸೂತಕದ ಬಿಳಿ ಪಿನ್ನು ನೋಡಿ ಅಜ್ಜಿ ಎದ್ದರು. "ಸೊಸೆ, ಈ ಚಳೀಲಿ ಯಾಕೆ ಬಂದೆ? ತಿಂದೆಯಾ ಏನಾದ್ರೂ?" ಮದುವೆಯಾಗಿ ಊರಿಗೆ ಬಂದವಳೆಂದು ನನ್ನನ್ನು ಇಲ್ಲಿ ಸೊಸೆ ಎಂದೇ ಕರೆಯುವುದು.

"ತಿಂದೆ ಅಜ್ಜಿ. ನಾಳೆ ಹಿಮ ಅಂತ ಬಂದಿದೆ. ದೋಣಿ ಎತ್ತಿಸಿ."

ಅಜ್ಜ ಹಗ್ಗ ಬಿಡಲಿಲ್ಲ. ಗದ್ದವನ್ನು ಬೆಟ್ಟದ ಕಡೆ ಎತ್ತಿ ತೋರಿಸಿದರು. "ನೋಡು, ಬೆಟ್ಟ ಎಷ್ಟು ನಿಚ್ಚಳವಾಗಿದೆ. ನಮ್ಮಪ್ಪ ನೋಡ್ತಿದ್ದ, ಅವರಪ್ಪ ನೋಡ್ತಿದ್ದ. ನೆತ್ತಿ ಕಂಡ ದಿನ ಹಿಮ ಇಲ್ಲ."

"ಚಳಿಗಾಲದ ನಡುವೆ ಅದು ಸರಿ ಅಜ್ಜ. ಆಗ ಹಿಮ ಬೆಟ್ಟದ ಆಚೆಯಿಂದ ಬರುತ್ತೆ. ಫೆಬ್ರುವರಿ ಹಿಮ ಸಮುದ್ರದಿಂದ ಬರುತ್ತೆ. ಮೂಡಣ ಗಾಳಿ ನೀರಿನ ಪಸೆ ಹೊತ್ಕೊಂಡು ಬಂದು ಬೆಟ್ಟಕ್ಕೆ ತಗುಲಿ, ಮುಂದೆ ಹೋಗಕ್ಕಾಗ್ದೆ ನಮ್ಮ ಮೇಲೇ ಸುರಿಯುತ್ತೆ. ನೀವು ಬೆಟ್ಟ ನೋಡ್ತಾ ನಿಂತಿದೀರಿ. ಅದು ಬರೋದು ನಿಮ್ಮ ಬೆನ್ನ ಹಿಂದಿನಿಂದ."

ಅಜ್ಜ ಒಮ್ಮೆ ಹಿಂದಕ್ಕೆ ತಿರುಗಿ ನೋಡಿದರು. ಸಮುದ್ರ ತಣ್ಣಗಿತ್ತು.

"ಬೆನ್ನ ಹಿಂದೆ ಏನೂ ಇಲ್ಲವಲ್ಲ."

"ಅದೇ ಕಷ್ಟ. ದಡದಲ್ಲಿ ಊರಿಗೊಂದು ಮಾಪಕ ಇದೆ. ಸಮುದ್ರದಲ್ಲಿ ಎಷ್ಟೋ ದೂರಕ್ಕೊಂದು ತೇಲ್ತಿರುತ್ತೆ. ಬಿರುಗಾಳಿ ಹುಟ್ಟೋದು ಅಳತೆ ಕಮ್ಮಿ ಇರೋ ಕಡೇನೇ. ಅದರ ದಾರಿ ಒಂದಿಷ್ಟು ಆಚೀಚೆ ಸರಿದ್ರೆ ನಮ್ಮ ಲೆಕ್ಕ ತಪ್ಪುತ್ತೆ."

"ಹಂಗಾದ್ರೆ ಈ ಸಲ ತಪ್ಪಲ್ಲ ಅಂತ ಬರ್ಕೊಡು."

"ಬರ್ಕೊಡಲ್ಲ. ತಪ್ಪಬಹುದು."

ಅಜ್ಜ ಹಗ್ಗ ಬಿಟ್ಟು ನನ್ನ ಮುಖ ನೋಡಿದರು. ಅಂಥ ಉತ್ತರವನ್ನು ಅವರು ನಿರೀಕ್ಷಿಸಿರಲಿಲ್ಲ.

ನೀಲಿ ಪುಸ್ತಕ ತೆರೆದೆ. ಥೆಇಲ್ ಅದರಲ್ಲಿ ತಾನು ತಪ್ಪಿದ ದಿನಗಳನ್ನು ಮಾತ್ರ ಬರೆದಿಟ್ಟಿದ್ದ. ಯಾವ ದಿನ, ಎಷ್ಟು ಹೇಳಿದೆ, ಎಷ್ಟು ಬಿತ್ತು, ಯಾಕೆ ತಪ್ಪಿತು. ಪ್ರತಿ ಪುಟದ ಕೆಳಗೆ 'ಮುಂದಿನ ಸಲ ಇದನ್ನು ನೋಡು' ಎಂದು ಒಂದು ಸಾಲು. ಸರಿಯಾದ ದಿನಗಳ ಬಗ್ಗೆ ಎಲ್ಲೂ ಒಂದಕ್ಷರವಿಲ್ಲ. ಆ ಬಂದರಿನಲ್ಲಿ ನಿಂತು ಅದನ್ನು ತೋರಿಸುವಾಗ ನನಗೆ ಹೆಮ್ಮೆಯಾಯಿತು. ಅವನು ಹೋದ ಮೇಲೆ ನನಗೆ ಅನ್ನಿಸಿದ್ದು ಅದೊಂದೇ.

"ಹನ್ನೊಂದು ಚಳಿಗಾಲ, ಮೂವತ್ತೊಂದು ಎಚ್ಚರಿಕೆ. ಒಂಬತ್ತು ತಪ್ಪಿವೆ, ಎಲ್ಲಾ ಇಲ್ಲಿವೆ. ಉಳಿದ ಇಪ್ಪತ್ತೆರಡು ಸಲ ಹೇಳಿದ ಹಾಗೇ ಬಿತ್ತು. ತಪ್ಪಿದ್ರೆ ನಿಮಗೆ ಎರಡು ದಿನದ ಮೀನು ಹೋಗುತ್ತೆ. ಸರಿಯಾಗಿದ್ದು ನೀವು ಸುಮ್ನಿದ್ರೆ ದೋಣಿ ಹೋಗುತ್ತೆ."

"ಹಿಮಕ್ಕೆ ದೋಣಿ ಮುಳುಗುತ್ತಾ?"

"ನಿಮ್ಮ ದೋಣಿ ಮೇಲೆ ನಲವತ್ತು ಸೆಂಟಿಮೀಟರ್ ಒದ್ದೆ ಹಿಮ ಕೂತ್ರೆ ಹತ್ತಿರ ಹತ್ತಿರ ಒಂದು ಟನ್. ಅಂದ್ರೆ ಹದಿನೈದು ಜನ ಒಕ್‌ಬುನ್ ಅಜ್ಜಿ ಒಟ್ಟಿಗೆ ಹತ್ತಿ ಕೂತ ಹಾಗೆ."

"ನನ್ನ ತೂಕ ನಿನಗೆ ಯಾರೇ ಹೇಳಿದ್ದು?" ಎಂದು ಅಜ್ಜಿ ಬಲೆ ಕೆಳಗಿಟ್ಟರು. ಆಮೇಲೆ ಗಂಡನ ಕಡೆ ತಿರುಗಿದರು. "ಒಬ್ಬಳನ್ನೇ ಐವತ್ತು ವರ್ಷದಿಂದ ತಡ್ಕೊಳ್ಳಕ್ಕಾಗ್ಲಿಲ್ಲ ಈ ಮನುಷ್ಯನಿಗೆ. ಹದಿನೈದು ಜನ ಬಂದ್ರೆ ಇವರೇ ಮೊದ್ಲು ಮುಳುಗ್ತಾರೆ. ಕ್ರೇನಿನವನನ್ನ ಕರೀರಿ!"

"ಮತ್ತೆ ಆ ಕಟ್ಟು ಬಿಚ್ಚಿ ಅಜ್ಜ" ಎಂದೆ. "ಗಾಳಿಗಾದ್ರೆ ದೋಣಿ ದೋಣಿ ಬಿಗಿದು ಕಟ್ಟೋದು ಸರಿ. ಹಿಮಕ್ಕೆ ಅಲ್ಲ. ಒಂದು ಮುಳುಗಿದ್ರೆ ಪಕ್ಕದ್ದನ್ನೂ ಎಳ್ಕೊಂಡು ಹೋಗುತ್ತೆ."

ಅಜ್ಜ ಗೊಣಗುತ್ತ ಗಂಟು ಬಿಚ್ಚಿದರು. ಸಂಜೆಯೊಳಗೆ 'ಒಕ್‌ಬುನ್' ದಡದ ಮೇಲಿತ್ತು. ಅದನ್ನು ನೋಡಿ ಉಳಿದವರೂ ಎತ್ತಿಸಿದರು. ಕ್ರೇನಿಗೆ ಆಗದ ದೊಡ್ಡ ದೋಣಿಗಳು ಎರಡೇ ಎರಡು ನೀರಿನಲ್ಲಿ ಉಳಿದವು.

ಮಾರನೆಯ ಬೆಳಿಗ್ಗೆ ಮಳೆ.

ಬರೀ ಮಳೆ. ಒಂಬತ್ತು ಗಂಟೆಗೆ ದಾಲ್ಸು ಅಜ್ಜ ರೈನ್‌ಕೋಟು ತೊಟ್ಟು ನಮ್ಮ ಬಾಗಿಲಿಗೆ ಬಂದರು. ಹಿಂದೆಯೇ ಒಕ್‌ಬುನ್ ಅಜ್ಜಿ, ಕೈಯಲ್ಲಿ ಆಲೂಗಡ್ಡೆ ಉಂಡೆಯ ಸಾರಿನ ಪಾತ್ರೆ.

"ಸೊಸೆ, ಇದಕ್ಕೆ ನಿಮ್ಮ ಯೂನಿವರ್ಸಿಟೀಲಿ ಹಿಮ ಅಂತಾರಾ?" ಎಂದರು ಅಜ್ಜ. "ನಾನು ದೋಣಿ ಇಳಿಸ್ತೀನಿ. ನಾಳೆ ಬೆಳಿಗ್ಗೆ ಬಲೆ ಎತ್ತಬೇಕು."

ಅವರನ್ನು ಹಿತ್ತಲಿಗೆ ಕರೆದುಕೊಂಡು ಹೋದೆ. ಸೂರಿನ ಕೆಳಗೆ ಥೆಇಲ್ ಒಂದು ಉಷ್ಣಮಾಪಕ ನೇತುಹಾಕಿದ್ದ.

"ಎಷ್ಟಿದೆ ಓದಿ."

"ಎರಡು."

"ಮೇಲೆ ಈಗಲೇ ಹಿಮ ಬೀಳ್ತಿದೆ ಅಜ್ಜ. ನೆಲದ ಹತ್ತಿರ ಬಂದಾಗ ಕರಗಿ ಮಳೆ ಆಗ್ತಿದೆ. ಒಂದು, ಒಂದೂವರೆ ಡಿಗ್ರಿ ಇಳಿದ್ರೆ ಸಾಕು, ಕರಗಲ್ಲ. ಆ ಒಂದು ಡಿಗ್ರಿ ಯಾವ ಗಂಟೆಗೆ ಇಳಿಯುತ್ತೆ ಅಂತ ಹೇಳೋದೇ ಈ ಕೆಲಸದಲ್ಲಿ ಎಲ್ಲಕ್ಕಿಂತ ಕಷ್ಟ. ಇಳೀದೇನೂ ಇರಬಹುದು."

"ಬರೀ ಒಂದು ಡಿಗ್ರಿಗೆ ಇಷ್ಟೊಂದು ರಗಳೇನಾ?"

"ಮಧ್ಯಾಹ್ನದವರೆಗೆ ಕಾಯಿರಿ. ಹನ್ನೊಂದು ಗಂಟೆಗೆ ಹೊಸ ಮುನ್ಸೂಚನೆ ಬರುತ್ತೆ. ಅದನ್ನ ನೋಡಿ ತೀರ್ಮಾನ ಮಾಡಿ. ನಿನ್ನೆಯದನ್ನ ಹಿಡ್ಕೊಂಡು ಇವತ್ತು ಬೈಬೇಡಿ."

ನಾವು ಮೂವರೂ ಒಳಗೆ ಕೂತು ಸಾರು ಕುಡಿದೆವು. ಅಜ್ಜ ಅರ್ಧ ಗಂಟೆಗೊಮ್ಮೆ ಎದ್ದು ಹಿತ್ತಲಿಗೆ ಹೋಗಿ ಬಂದರು. "ಒಂದೂವರೆ." ಮತ್ತೆ, "ಒಂದೂವರೇನೇ." ಹನ್ನೊಂದಕ್ಕೆ ಫೋನು ಸದ್ದು ಮಾಡಿತು: ಹಿಮ ತಡವಾಗಿದೆ, ಮಧ್ಯಾಹ್ನದಿಂದ, ಎಚ್ಚರಿಕೆ ಮುಂದುವರಿದಿದೆ. ಹನ್ನೆರಡೂವರೆಗೆ ಎದ್ದು ಹೋದ ಅಜ್ಜ ಒಳಗೆ ಬರಲಿಲ್ಲ.

ಮಾಡಿನ ಮೇಲಿನ ಮಳೆಯ ಸದ್ದು ನಿಂತಿತ್ತು.

ಹೊರಗೆ ಹೋಗಿ ನೋಡಿದೆವು. ಅಜ್ಜ ಹಿತ್ತಲಿನಲ್ಲಿ ಟೋಪಿ ತೆಗೆದು ನಿಂತಿದ್ದರು. ಅವರ ನೆತ್ತಿಯ ಮೇಲೆ ದಪ್ಪ ದಪ್ಪ ಹಿಮ ಬೀಳುತ್ತಿತ್ತು.

"ಸೊನ್ನೆ ಮೇಲೆ ಸ್ವಲ್ಪ" ಎಂದರು ಮೆಲ್ಲಗೆ. ಆಮೇಲೆ ಟೋಪಿ ಹಾಕಿಕೊಂಡರು. "ನೀರಲ್ಲಿ ಎರಡು ದೋಣಿ ಇವೆ. ನಾನು ಹೋಗ್ಬೇಕು."

"ಒಬ್ಬರೇ ಹೋಗ್ಬೇಡಿ. ಜೀವರಕ್ಷಕ ಅಂಗಿ ಹಾಕ್ಕೊಳ್ಳಿ."

"ಗೊತ್ತು ಕಣೇ!"

ಕತ್ತಲಾಗುವವರೆಗೂ, ಮತ್ತೆ ಬೆಳಕು ಹರಿದ ಕೂಡಲೇ, ಊರವರು ಇಬ್ಬಿಬ್ಬರಾಗಿ ಸರದಿಯ ಮೇಲೆ ಆ ಎರಡು ದೋಣಿಗಳ ಹಿಮ ತೆಗೆದರು. ಮೊದಲೇ ಚಾರ್ಜು ಮಾಡಿಟ್ಟ ಬ್ಯಾಟರಿಗಳಿಂದ ಒಳಗಿನ ನೀರು ಹೊರಹಾಕುವ ಪಂಪು ಓಡುತ್ತಲೇ ಇತ್ತು. ಒಂದು ದೋಣಿಯೂ ಮುಳುಗಲಿಲ್ಲ. ಗಲ್ಮೆಪೊ ಬಂದರು ಅದನ್ನು ಹೆಮ್ಮೆಯಿಂದ ಹೇಳಿಕೊಳ್ಳಬಹುದು.

ದೋಣಿ ಇರುವವರೇ, ದೋಣಿಯನ್ನು ನಂಬಿ ಮನೆ ನಡೆಸುವವರೇ, ಇದನ್ನು ಬರೆದದ್ದು ನಿಮಗಾಗಿ. ಮುನ್ಸೂಚನೆ ಒಮ್ಮೊಮ್ಮೆ ತಪ್ಪುತ್ತದೆ. ಅದನ್ನು ಬರೆಯುವವರಿಗೆ ಇದು ನಿಮಗಿಂತ ಮೊದಲು ಗೊತ್ತು. ಆದರೂ ಕೇಳಿ. ಬೆಳಿಗ್ಗೆ ಕೇಳಿದ್ದನ್ನು ಸಂಜೆ ಮತ್ತೊಮ್ಮೆ ಕೇಳಿ, ಯಾಕೆಂದರೆ ಅದು ಬದಲಾಗುತ್ತಿರುತ್ತದೆ. ಸಣ್ಣ ದೋಣಿಯನ್ನು ದಡಕ್ಕೆ ಎತ್ತಿಸಿ. ಎತ್ತಲಾಗದಿದ್ದರೆ ಪಕ್ಕದ ದೋಣಿಗೆ ಹಾಕಿದ ಕಟ್ಟು ಬಿಚ್ಚಿ, ಹಿಮ ತೆಗೆಯಲು ಇಬ್ಬರಾದರೂ ಹೋಗಿ. ಮುನ್ಸೂಚನೆ ತಪ್ಪಿದ ದಿನ ಬಯ್ಯಿರಿ, ಪರವಾಗಿಲ್ಲ. ಮುಂದಿನ ಸಲ ಮತ್ತೆ ಸಿದ್ಧರಾಗಿ.

ಮೂರನೆಯ ಬೆಳಿಗ್ಗೆ ಆಕಾಶ ತಿಳಿಯಾಗಿತ್ತು. ಹಿತ್ತಲಿನಲ್ಲಿ ಥೆಇಲ್ ನೆಟ್ಟಿದ್ದ ಅಳತೆಯ ಕೋಲನ್ನು ಬಗ್ಗಿ ಓದಿದೆ. ಆಮೇಲೆ ಹಲಗೆಯನ್ನು ಹೆಗಲ ಮೇಲಿಟ್ಟುಕೊಂಡು, ಮೊಣಕಾಲುದ್ದದ ಹಿಮದಲ್ಲಿ ದಾಲ್ಸು ಅಜ್ಜನ ಮನೆಗೆ ಹೋದೆ. ಅವರು ಅಂಗಳದಲ್ಲಿ ಸಣ್ಣ ಸಲಿಕೆ ಹಿಡಿದು ಏದುಸಿರು ಬಿಡುತ್ತಿದ್ದರು.

"ಅಜ್ಜ, ಅವನು ನಿಮ್ಮಿಂದ ತಂದಿದ್ದು."

ಅಜ್ಜ ಎರಡೂ ಕೈ ಚಾಚಿ ಅದನ್ನು ತೆಗೆದುಕೊಂಡರು. ಹಿಡಿಯನ್ನು ಒಮ್ಮೆ ಸವರಿದರು.

"ಎಷ್ಟು ಬಿತ್ತು?"

"ಮೂವತ್ತೇಳು."

"ಮೂರು ಕಮ್ಮಿ ಆಯ್ತಲ್ಲ" ಎಂದು ಅಜ್ಜ ಸಮುದ್ರದ ಕಡೆ ನೋಡಿದರು. ಈ ಸಲ ಬೆಟ್ಟದ ಕಡೆಗಲ್ಲ. "ಇರ್ಲಿ ಬಿಡು. ಆ ಮೂರು ನೀರಿಗೆ ಬಿದ್ದಿರ್ಬೇಕು. ನಾಳೆ ಹೋದಾಗ ಮೀನನ್ನ ಕೇಳ್ತೀನಿ."